ಕೀಲಿಮಣೆಯಲ್ಲಿ ಕಾಣದ ಅಕ್ಷರಗಳು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಾಮಾನ್ಯವಾಗಿ ಸಿಗುವ ಕೀಬೋರ್ಡಿನ ಮೇಲೆ ನಮ್ಮ ಊರಿನ ಹೆಸರನ್ನು ಸರಿಯಾಗಿ ಬರೆಯಲು ಬೇಕಾದ ಅಕ್ಷರಗಳಿಲ್ಲ. ಕನ್ನಡ ಲಿಪಿಯ ಮಾತು ಹಾಗಿರಲಿ, ರೋಮನ್ ಲಿಪಿಗೂ ಇದೇ ಗತಿ. ಶಾಸನ ಓದುವವರು, ಗ್ರಂಥಾಲಯದ ಸೂಚಿ ಮಾಡುವವರು ‘ಬೆಂಗಳೂರು’ ಎಂಬುದನ್ನು ಐಎಸ್ಒ 15919 ಎಂಬ 2001ರ ಅಂತರರಾಷ್ಟ್ರೀಯ ಶಿಷ್ಟತೆಯಂತೆ ರೋಮನ್ನಿಗೆ ಇಳಿಸುವಾಗ ಎಮ್ ತಲೆಯ ಮೇಲೆ ಒಂದು ಚುಕ್ಕೆ ಇಡುತ್ತಾರೆ, ಅದು ಸೊನ್ನೆಗೆ. ಎಲ್ ಕೆಳಗೆ ಒಂದು ಚುಕ್ಕೆ, ಅದು ಳಕಾರಕ್ಕೆ. ಯು ಮೇಲೆ ಒಂದು ಅಡ್ಡಗೆರೆ, ಅದು ದೀರ್ಘಕ್ಕೆ. ಈ ಮೂರರಲ್ಲಿ ಒಂದೂ ಕೀಬೋರ್ಡಿನ ಮೇಲೆ ಅಚ್ಚಾಗಿಲ್ಲ.

ಇದು ಪಂಡಿತರಿಗೆ ಮಾತ್ರ ಬೇಕಾದ ವಿಷಯವೂ ಅಲ್ಲ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಫ್ರೆಂಚ್ ಕಲಿಯುವವರಿಗೆ, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುವವರಿಗೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಅಕ್ಷರಗಳು ಮೊದಲ ಪಾಠದಿಂದಲೇ ಬೇಕು. ಏಪ್ರಿಲ್ ಬಿಸಿಲಿನ ಸುದ್ದಿ ಬರೆಯುವವರಿಗೆ ಡಿಗ್ರಿ ಚಿಹ್ನೆ ಬೇಕು. ಭೌತವಿಜ್ಞಾನದ ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟರಿಗೆ ಓಮ್, ಮೈಕ್ರೋ ಬೇಕು. ಬಿಲ್ ಮಾಡುವ ಪ್ರತಿಯೊಬ್ಬರಿಗೂ ರೂಪಾಯಿ ಚಿಹ್ನೆ ಬೇಕು. ಸಾಮಾನ್ಯವಾಗಿ ನಾವು ಮಾಡುವುದೇನೆಂದರೆ, ಗೂಗಲ್‌ನಲ್ಲಿ ‘ಡಿಗ್ರಿ ಸಿಂಬಲ್’ ಎಂದು ಹುಡುಕಿ, ಸಿಕ್ಕ ಚಿಹ್ನೆಯನ್ನು ನಕಲು ಮಾಡಿ ಅಂಟಿಸುವುದು. ಇನ್ನು ಕೆಲವರು 36ರ ಮುಂದೆ ಒಂದು ಸೊನ್ನೆ ಒತ್ತಿ, ಅದನ್ನು ಚಿಕ್ಕದು ಮಾಡಿ ಮೇಲಕ್ಕೆತ್ತಿ, ಡಿಗ್ರಿಯಾಯಿತು ಎಂದುಕೊಳ್ಳುತ್ತಾರೆ. ಆ ಬರಹವನ್ನು ಬೇರೆಡೆಗೆ ಅಂಟಿಸಿದಾಗ ಮೇಲಕ್ಕೆತ್ತಿದ ಅಲಂಕಾರ ಉದುರಿಹೋಗಿ, ಬೆಂಗಳೂರಿನ ತಾಪಮಾನ 360 ಎಂದು ಅಚ್ಚಾಗುತ್ತದೆ. ಕಣ್ಣಿಗೆ ಡಿಗ್ರಿಯಂತೆ ಕಂಡದ್ದು ಕಂಪ್ಯೂಟರಿನ ಪಾಲಿಗೆ ಮೊದಲಿನಿಂದಲೂ ಸೊನ್ನೆಯೇ ಆಗಿತ್ತು.

ಕೀಬೋರ್ಡಿನ ಗೊಂದಲಗಳಿಗೆಲ್ಲ ಮೂಲ ಇಲ್ಲಿದೆ. ಬೆರಳು ಒತ್ತುವ ಕೀ ಒಂದು, ಕಂಪ್ಯೂಟರ್ ತನ್ನೊಳಗೆ ಬರೆದಿಟ್ಟುಕೊಳ್ಳುವ ಸಂಖ್ಯೆ ಇನ್ನೊಂದು, ಪರದೆಯ ಮೇಲೆ ಮೂಡುವ ಆಕಾರ ಮತ್ತೊಂದು. ಮೂರಕ್ಕೂ ಒಂದಕ್ಕೊಂದು ಹುಟ್ಟಿನ ನಂಟಿಲ್ಲ. ನಂಟು ಕಟ್ಟಿದವರು ಮನುಷ್ಯರು, ಬೇಕಾದರೆ ಬಿಚ್ಚಿ ಬೇರೆ ರೀತಿ ಕಟ್ಟಬಹುದು. ಇದು ತಿಳಿದರೆ ಯಾವ ಅಕ್ಷರವೂ ಕೈಗೆಟುಕದ್ದಲ್ಲ. ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದ ಹಳೆಯ ಕಡತಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮೊದಲು ಕೀಯನ್ನು ನೋಡೋಣ. ಕೀಬೋರ್ಡಿನ ಬೆನ್ನು ಬಿಚ್ಚಿದರೆ ಒಳಗೆ ಅಡ್ಡಸಾಲು, ಉದ್ದಸಾಲುಗಳಲ್ಲಿ ಹಾದುಹೋದ ವಿದ್ಯುತ್ ಹಾದಿಗಳ ಜಾಲ ಕಾಣುತ್ತದೆ. ಕೀ ಒತ್ತಿದಾಗ ಒಂದು ಅಡ್ಡಹಾದಿ, ಒಂದು ಉದ್ದಹಾದಿ ಸೇರುತ್ತವೆ. ಪುಟ್ಟ ಚಿಪ್ ಒಂದು ಈ ಜಾಲವನ್ನು ಸೆಕೆಂಡಿಗೆ ನೂರಾರು ಬಾರಿ ತಡವಿ ನೋಡುತ್ತಿರುತ್ತದೆ. ಯಾವ ಜಾಗದಲ್ಲಿ ಹಾದಿ ಸೇರಿತೋ ಆ ಜಾಗದ ಸಂಖ್ಯೆಯನ್ನು ಕಂಪ್ಯೂಟರಿಗೆ ಕಳಿಸುತ್ತದೆ. ಅದು ಕಳಿಸುವುದು ಅಕ್ಷರವನ್ನಲ್ಲ, ಜಾಗವನ್ನು. ಯುಎಸ್‌ಬಿ ಕೀಬೋರ್ಡುಗಳ ನಿಯಮದಲ್ಲಿ ಅಮೆರಿಕದ ವಿನ್ಯಾಸದ ಎ ಇರುವ ಜಾಗಕ್ಕೆ 4, ಎಚ್ ಇರುವ ಜಾಗಕ್ಕೆ 11. ಪ್ಯಾರಿಸ್ಸಿನ ಕಂಪ್ಯೂಟರಿಗೆ ಅದೇ 4 ಹೋದರೆ ಅದು ಕ್ಯೂ ಬರೆಯುತ್ತದೆ, ಏಕೆಂದರೆ ಫ್ರೆಂಚ್ ವಿನ್ಯಾಸದಲ್ಲಿ ಎ ಮತ್ತು ಕ್ಯೂ ಜಾಗ ಬದಲಿಸಿಕೊಂಡಿವೆ. ನಮ್ಮಲ್ಲಿ 11 ಬಂದಾಗ ಕಗಪ, ಅಂದರೆ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಆಯ್ದುಕೊಂಡಿದ್ದರೆ ‘ಹ’ ಮೂಡುತ್ತದೆ, ಇನ್‌ಸ್ಕ್ರಿಪ್ಟ್ ಆಯ್ದುಕೊಂಡಿದ್ದರೆ ‘ಪ’ ಮೂಡುತ್ತದೆ. ಕೀಯ ಮೇಲಿನ ಬಣ್ಣದ ಅಚ್ಚು ನಮ್ಮ ಕಣ್ಣಿಗಷ್ಟೇ. ಕಂಪ್ಯೂಟರ್ ಅದನ್ನು ಯಾವತ್ತೂ ಓದಿಲ್ಲ.

ಈಗ ಬರುವ ಹಲವು ಕೀಬೋರ್ಡುಗಳಲ್ಲಿ 4ರ ಕೀ ಮೂಲೆಯಲ್ಲಿ ₹ ಚಿಹ್ನೆ ಇದ್ದರೂ ಒತ್ತಿದಾಗ ಅದು ಬರುವುದಿಲ್ಲ ಎಂಬ ದೂರು ಇದರಿಂದಲೇ. ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ‘ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್’ ಇದ್ದರೆ ಆ ವಿನ್ಯಾಸದಲ್ಲಿ ರೂಪಾಯಿಗೆ ಜಾಗವೇ ಇಲ್ಲ. ‘ಇಂಗ್ಲಿಷ್ ಇಂಡಿಯಾ’ ಕೀಬೋರ್ಡ್ ಸೇರಿಸಿಕೊಂಡು, ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ₹ ಸಿದ್ಧ. ಹೊಸ ಕೀಬೋರ್ಡ್ ಕೊಳ್ಳಬೇಕಾಗಿಲ್ಲ.

ಗೆರೆ, ಚುಕ್ಕೆ ಹೊತ್ತ ಅಕ್ಷರಗಳ ಕಥೆ ಟೈಪ್‌ರೈಟರ್ ಕಾಲದ್ದು. ಫ್ರೆಂಚ್ ಭಾಷೆಯ ಪ್ರತಿ ಸ್ವರಕ್ಕೂ ಅದರ ಪ್ರತಿ ಗೆರೆಗೂ ಒಂದೊಂದು ಕೀ ಇಡುತ್ತಾ ಹೋದರೆ ಯಂತ್ರದಲ್ಲಿ ಜಾಗ ಸಾಲುವುದಿಲ್ಲ. ಅದಕ್ಕೆ ತಯಾರಕರು ಒಂದು ಚೆಂದದ ಉಪಾಯ ಕಂಡುಕೊಂಡರು. ಗೆರೆಗೆ ಮಾತ್ರ ಬೇರೆ ಕೀ. ಅದನ್ನು ಒತ್ತಿದರೆ ಕಾಗದದ ಮೇಲೆ ಗೆರೆ ಬೀಳುತ್ತದೆ, ಆದರೆ ಉರುಳೆ ಮುಂದಕ್ಕೆ ಸರಿಯುವುದಿಲ್ಲ. ಮುಂದಿನ ಅಕ್ಷರ ಅದೇ ಜಾಗದಲ್ಲಿ, ಗೆರೆಯ ಅಡಿಯಲ್ಲಿ ಬಂದು ಕೂರುತ್ತದೆ. ಉರುಳೆಯನ್ನು ಅಲುಗಿಸದ ಈ ಕೀಗೆ ಡೆಡ್ ಕೀ ಎಂದು ಹೆಸರಾಯಿತು. ಒಂದು ಗೆರೆಯ ಕೀಯಿಂದ ಐದು ಸ್ವರಕ್ಕೂ ಗೆರೆ ಹಾಕಬಹುದಾಯಿತು. ಮೂಲಾಕ್ಷರ ಬೇರೆ, ಅದಕ್ಕೆ ಹತ್ತುವ ಗುರುತು ಬೇರೆ ಎಂಬ ಈ ವಿಂಗಡಣೆ ಕಾಗುಣಿತ ಕಲಿತ ಯಾವ ಕನ್ನಡ ಮಗುವಿಗೂ ಹೊಸದಲ್ಲ.

1963ರಲ್ಲಿ ಅಮೆರಿಕನ್ನರು ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಎಂಬ ಶಿಷ್ಟತೆಯನ್ನು ಹೊರತಂದಾಗ ಅದರಲ್ಲಿದ್ದದ್ದು ಏಳು ಬಿಟ್, ಅಂದರೆ 128 ಸಂಖ್ಯೆ ಮಾತ್ರ. ಮುಂದಿನ ಪರಿಷ್ಕರಣೆಗಳ ನಂತರವೂ ಅದರಲ್ಲಿ ಅಚ್ಚಾಗುವಂಥವು 95 ಮಾತ್ರ. ಗೆರೆಯ ಅಕ್ಷರಗಳಿಗೆ ಪ್ರತ್ಯೇಕ ಜಾಗ ಕೊಡಲು ಆಗದೆ, 1967ರ ಪರಿಷ್ಕರಣೆಯಲ್ಲಿ ಟೈಪ್‌ರೈಟರ್ ಉಪಾಯವನ್ನೇ ಹೊಂದಿಸಿಕೊಂಡರು: ಅಕ್ಷರ ಕಳಿಸಿ, ಒಂದು ಹೆಜ್ಜೆ ಹಿಂದಕ್ಕೆ ಸರಿದು, ಅದರ ಮೇಲೆ ಗೆರೆ ಹೊಡೆಯಿರಿ. ನಿಮ್ಮ ಕೀಬೋರ್ಡಿನಲ್ಲಿ ಟ್ಯಾಬ್‌ನ ಮೇಲಿರುವ ಕೀ ನೋಡಿ. ಅಲ್ಲಿ ಎಡಕ್ಕೆ ವಾಲಿದ ಸಣ್ಣ ಗೆರೆಯೂ, ಅಲೆಯಂಥ ಟಿಲ್ಡೆಯೂ ಇವೆ. 6ರ ಮೇಲೆ ಟೋಪಿಯಂಥ ಗುರುತಿದೆ. ಇಂಗ್ಲಿಷ್ ಬರೆಯಲು ಈ ಮೂರೂ ಬೇಡ. ಅವು ಅಲ್ಲಿ ನೆಲೆಯಾದದ್ದು ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್ ಅಕ್ಷರಗಳ ತಲೆಯ ಮೇಲೆ ಕೂರಲೆಂದು. ಅಷ್ಟೇ ಅಲ್ಲ, ಅಪಾಸ್ಟ್ರಫಿ ಬಲವಾಲು ಗೆರೆಯಾಗಿ, ಉದ್ಧರಣ ಚಿಹ್ನೆ ಜರ್ಮನ್ನಿನ ಜೋಡಿ ಚುಕ್ಕೆಯಾಗಿ, ಅಲ್ಪವಿರಾಮ ಫ್ರೆಂಚ್ ಸಿ ಅಕ್ಷರದ ಬಾಲವಾಗಿ ದುಡಿಯಬೇಕೆಂಬ ಯೋಜನೆಯೂ ಅದರಲ್ಲಿತ್ತು.

ಕಾಗದದ ಮೇಲೆ ಹೊಡೆಯುವ ಟೆಲಿಪ್ರಿಂಟರ್ ಇರುವವರೆಗೆ ಇದು ನಡೆಯಿತು. ಗಾಜಿನ ಪರದೆ ಬಂದ ಮೇಲೆ ಕೆಟ್ಟಿತು. ಪರದೆಯಲ್ಲಿ ಹಿಂದಕ್ಕೆ ಸರಿದು ಇನ್ನೊಂದು ಗುರುತು ಒತ್ತಿದರೆ ಮೊದಲಿನದು ಅಳಿಸಿಹೋಗುತ್ತದೆ, ಒಂದರ ಮೇಲೊಂದು ಕೂರುವುದಿಲ್ಲ. ಕೆಲಸ ಕಳೆದುಕೊಂಡ ಆ ಗುರುತುಗಳನ್ನು ಪ್ರೋಗ್ರಾಮರುಗಳು ಎತ್ತಿಕೊಂಡರು. ಇಂದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಟಿಲ್ಡೆ ಎಂದರೆ ಲಿನಕ್ಸ್‌ನ ಹೋಮ್ ಡೈರೆಕ್ಟರಿ, ಅಂದರೆ ಬಳಸುವವರ ಸ್ವಂತ ಕಡತಗಳ ಜಾಗ. ಅದು ಸ್ಪ್ಯಾನಿಷ್ ಎನ್ ತಲೆಯಿಂದ ಇಳಿದುಬಂದ ಗುರುತು ಎಂದು ಎಷ್ಟೋ ಜನರಿಗೆ ತಿಳಿಯದು.

ಮುಂದೆ ಎಂಟನೆಯ ಬಿಟ್ ಬಳಕೆಗೆ ಬಂತು, ಇನ್ನೂ 128 ಮನೆ ಖಾಲಿ ಸಿಕ್ಕವು. ಅಲ್ಲಿ ಯಾರನ್ನು ಕೂರಿಸಬೇಕು ಎಂಬುದರಲ್ಲಿ ಒಮ್ಮತವಿರಲಿಲ್ಲ. 1981ರ ಐಬಿಎಂ ಪಿಸಿಯಲ್ಲಿ ಬಲವಾಲು ಗೆರೆ ಹೊತ್ತ ಸಣ್ಣ ಇ ಅಕ್ಷರಕ್ಕೆ 130 ಎಂಬ ಸಂಖ್ಯೆ. ಆಮೇಲೆ ಬಂದ ವಿಂಡೋಸ್‌ನಲ್ಲಿ ಅದಕ್ಕೇ 233. ಡಿಗ್ರಿಗೆ ಅಲ್ಲಿ 248, ಇಲ್ಲಿ 176. ವಿಂಡೋಸ್‌ನಲ್ಲಿ ಆಲ್ಟ್ ಕೀ ಹಿಡಿದು, ಬಲಗಡೆಯ ಅಂಕಿಪಟ್ಟಿಯಲ್ಲಿ ಸಂಖ್ಯೆ ಒತ್ತಿ ಅಕ್ಷರ ತರಿಸುವ ಕ್ರಮ ಗೊತ್ತಿದ್ದವರಿಗೆ ಒಂದು ಒಗಟು ಕಾಡಿರುತ್ತದೆ: ಡಿಗ್ರಿಗೆ 248 ಒತ್ತಿದರೂ ಸರಿ, 0176 ಒತ್ತಿದರೂ ಸರಿ, ಆದರೆ ಬರೀ 176 ಒತ್ತಿದರೆ ಏನೋ ಚುಕ್ಕೆಚುಕ್ಕೆ ಚೌಕ ಬರುತ್ತದೆ. ಆ ಸೊನ್ನೆಗೆ ಅರ್ಥವಿದೆ. ಸೊನ್ನೆ ಇಲ್ಲದೆ ಒತ್ತಿದರೆ ಹಳೆಯ ಐಬಿಎಂ ಪಟ್ಟಿ, ಸೊನ್ನೆ ಇಟ್ಟು ಒತ್ತಿದರೆ ವಿಂಡೋಸ್ ಪಟ್ಟಿ. ಹಳಬರ ಬೆರಳಿನ ರೂಢಿ ಕೆಡದಿರಲೆಂದು ಮೈಕ್ರೋಸಾಫ್ಟ್ ಎರಡನ್ನೂ ಉಳಿಸಿಕೊಂಡು ಬಂದಿದೆ.

ಅಂಕಿಪಟ್ಟಿ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಇದು ಕಷ್ಟ. ವಿಂಡೋಸ್ 10ರಿಂದ ಈಚೆಗೆ ವಿಂಡೋಸ್ ಕೀ ಹಿಡಿದು ಪೂರ್ಣವಿರಾಮ ಒತ್ತಿದರೆ ಎಮೋಜಿಗಳ ಜೊತೆಗೆ ಚಿಹ್ನೆಗಳ ಪಟ್ಟಿಯೂ ತೆರೆದುಕೊಳ್ಳುತ್ತದೆ. ಮ್ಯಾಕ್‌ನಲ್ಲಿ 2011ರಿಂದ ಸ್ವರದ ಕೀಯನ್ನು ಒತ್ತಿ ಹಿಡಿದರೆ ಅದರ ಗೆರೆಯ ರೂಪಗಳು ಸಾಲಾಗಿ ಕಾಣುತ್ತವೆ, ಫೋನಿನಲ್ಲಿ ಮಾಡುವ ಹಾಗೆಯೇ. ಯಾವಾಗಲೋ ಒಮ್ಮೆ ಬೇಕಾಗುವವರಿಗೆ ಇಷ್ಟು ಸಾಕು.

ದಿನವೂ ಬರೆಯುವವರಿಗೆ ಬೇಕಾದ್ದು ಡೆಡ್ ಕೀ, ಮತ್ತು ಅದು ಕಂಪ್ಯೂಟರಿನಲ್ಲಿ ಇನ್ನೂ ಚೆನ್ನಾಗಿಯೇ ಬದುಕಿದೆ. ವಿಂಡೋಸ್‌ನ ‘ಯುನೈಟೆಡ್ ಸ್ಟೇಟ್ಸ್ ಇಂಟರ್‌ನ್ಯಾಷನಲ್’ ವಿನ್ಯಾಸ ಆಯ್ದುಕೊಂಡರೆ ಅಪಾಸ್ಟ್ರಫಿ ಒತ್ತಿದಾಗ ಏನೂ ಕಾಣುವುದಿಲ್ಲ. ನಂತರ ಇ ಒತ್ತಿದರೆ ಗೆರೆ ಹೊತ್ತ ಇ ಬರುತ್ತದೆ. ಉದ್ಧರಣ ಚಿಹ್ನೆಯ ನಂತರ ಯು ಒತ್ತಿದರೆ ಜರ್ಮನ್ನಿನ ಜೋಡಿ ಚುಕ್ಕೆಯ ಯು. 1967ರ ಆಸ್ಕಿ ಯೋಜನೆಯ ಜೋಡಿಗಳೇ ಇವು. ಮ್ಯಾಕ್‌ನಲ್ಲಿ ‘ಎಬಿಸಿ ಎಕ್ಸ್‌ಟೆಂಡೆಡ್’ ವಿನ್ಯಾಸವಿದ್ದರೆ ಆಪ್ಷನ್ ಹಿಡಿದು ಡಬ್ಲ್ಯೂ ಒತ್ತಿ ನಂತರ ಎಮ್, ಆಪ್ಷನ್ ಹಿಡಿದು ಎಕ್ಸ್ ಒತ್ತಿ ನಂತರ ಎಲ್, ಆಪ್ಷನ್ ಹಿಡಿದು ಎ ಒತ್ತಿ ನಂತರ ಯು. ‘ಬೆಂಗಳೂರು’ ಬರೆಯಲು ಬೇಕಿದ್ದ ಮೂರೂ ಸಿಕ್ಕವು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಲಿನಕ್ಸ್‌ನ ಕಂಪೋಸ್ ಕೀ. 1980ರ ದಶಕದ ಡೆಕ್ ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿಯ ಟರ್ಮಿನಲ್ ಕೀಬೋರ್ಡುಗಳಲ್ಲಿ ಈ ಹೆಸರಿನ ನಿಜವಾದ ಕೀ ಒಂದಿತ್ತು. ಈಗ ನಾವೇ ಸೆಟ್ಟಿಂಗ್‌ನಲ್ಲಿ ಯಾವುದಾದರೂ ಬಳಸದ ಕೀಗೆ ಆ ಕೆಲಸ ವಹಿಸಬಹುದು. ಕಂಪೋಸ್ ಒತ್ತಿ, ಆಶ್ಚರ್ಯಸೂಚಕ ಒತ್ತಿ, ಎಲ್ ಒತ್ತಿದರೆ ಕೆಳಚುಕ್ಕೆಯ ಎಲ್. ಕಂಪೋಸ್, ಅಡಿಗೆರೆ, ಯು ಒತ್ತಿದರೆ ದೀರ್ಘ ಯು. ಕಂಪೋಸ್, ಪೂರ್ಣವಿರಾಮ, ಎಮ್ ಒತ್ತಿದರೆ ಮೇಲ್ಚುಕ್ಕೆಯ ಎಮ್. ಸಂಖ್ಯೆ ಬಾಯಿಪಾಠ ಮಾಡಬೇಕಿಲ್ಲ. ಅಕ್ಷರ ಹೇಗೆ ಕಾಣುತ್ತದೋ ಹಾಗೆ ಅದರ ತುಂಡುಗಳನ್ನು ಒಂದಾದ ಮೇಲೊಂದು ಒತ್ತುವುದು, ಅಷ್ಟೆ.

ಈಗ ಆಕಾರದ ವಿಷಯ. 2010ರ ಜುಲೈ 15ರಂದು ಕೇಂದ್ರ ಸರ್ಕಾರ ಡಿ. ಉದಯ ಕುಮಾರ್ ವಿನ್ಯಾಸ ಮಾಡಿದ ₹ ಚಿಹ್ನೆಯನ್ನು ಒಪ್ಪಿಕೊಂಡಿತು. ಆ ದಿನ ಪ್ರಪಂಚದ ಯಾವ ಕಂಪ್ಯೂಟರಿನಲ್ಲೂ ಅದಕ್ಕೆ ಸಂಖ್ಯೆ ಇರಲಿಲ್ಲ. ಕೆಲವೇ ದಿನಗಳಲ್ಲಿ ಒಂದು ಫಾಂಟ್ ಹರಿದಾಡತೊಡಗಿತು: ಟ್ಯಾಬ್‌ನ ಮೇಲಿರುವ ಎಡವಾಲು ಗೆರೆಯ ಜಾಗಕ್ಕೆ ಅದರಲ್ಲಿ ರೂಪಾಯಿಯ ಚಿತ್ರ ಕೂರಿಸಿದ್ದರು. ಆ ಫಾಂಟ್ ಹಾಕಿಕೊಂಡು ಆ ಕೀ ಒತ್ತಿದರೆ ರೂಪಾಯಿ ಕಾಣುತ್ತಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿಗೆ ಕಡತ ಕಳಿಸಿದರೆ ರೂಪಾಯಿ ಮಾಯ, ಅನಾಥ ಗೆರೆ ಪ್ರತ್ಯಕ್ಷ. ಅದೇ ವರ್ಷ ಅಕ್ಟೋಬರಿನಲ್ಲಿ, ಪ್ರಪಂಚದ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಶಿಷ್ಟತೆಯ 6.0 ಆವೃತ್ತಿ ₹ ಚಿಹ್ನೆಗೆ 8377 ಎಂಬ ಸ್ವಂತ ಸಂಖ್ಯೆ ಕೊಟ್ಟಿತು. ಆಮೇಲೆ ಫಾಂಟ್ ಯಾವುದೇ ಇರಲಿ, ರೂಪಾಯಿ ರೂಪಾಯಿಯಾಗಿಯೇ ಉಳಿಯಿತು.

ಒಂದು ಉಪಕಥೆ ಇಲ್ಲೇ ಹೇಳಿಬಿಡುತ್ತೇನೆ. ಒಂದು ಎಸ್ಸೆಮ್ಮೆಸ್ಸಿಗೆ ಮೊಬೈಲ್ ಜಾಲ ಕೊಡುವುದು 140 ಬೈಟ್, ಅಂದರೆ 1120 ಬಿಟ್. ಅಕ್ಷರಕ್ಕೆ ಏಳು ಬಿಟ್‌ನಂತೆ ಲೆಕ್ಕ ಹಾಕಿದರೆ 160 ಅಕ್ಷರ. ಆ ಏಳು ಬಿಟ್ಟಿನ ಪಟ್ಟಿಯಲ್ಲಿ ಗೆರೆ ಹೊತ್ತ ಕೆಲವು ಯುರೋಪಿಯನ್ ಅಕ್ಷರಗಳಿವೆ, ಪೌಂಡ್, ಯೆನ್ ಕೂಡ ಇವೆ, ₹ ಇಲ್ಲ. ಸಂದೇಶದಲ್ಲಿ ಒಂದೇ ಒಂದು ₹ ಸೇರಿದರೂ ಇಡೀ ಸಂದೇಶ ಅಕ್ಷರಕ್ಕೆ ಹದಿನಾರು ಬಿಟ್ ತೆಗೆದುಕೊಳ್ಳುವ ಕ್ರಮಕ್ಕೆ ಬದಲಾಗಿ, 160 ಇದ್ದದ್ದು 70ಕ್ಕೆ ಇಳಿಯುತ್ತದೆ. ಒಂದು ಸಂದೇಶದ ಬದಲು ಎರಡು ಮೂರರ ದುಡ್ಡು ತೆರಬೇಕಾಗುತ್ತದೆ.

ರೂಪಾಯಿಗೆ ಕೆಲವು ತಿಂಗಳು ಆದದ್ದು ಕನ್ನಡಕ್ಕೆ ವರ್ಷಗಟ್ಟಲೆ ಆಯಿತು. 1990ರ ದಶಕದಲ್ಲಿ ಕನ್ನಡದ ಒತ್ತಕ್ಷರಗಳನ್ನು ಜೋಡಿಸಬಲ್ಲ ವಿಂಡೋಸ್ ಇರಲಿಲ್ಲ. ತುಂಗಾ ಫಾಂಟಿನೊಡನೆ ಆ ಶಕ್ತಿ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಕಾಯುತ್ತ ಕೂತಿದ್ದರೆ ಕನ್ನಡದಲ್ಲಿ ಒಂದು ಪುಟವೂ ಅಚ್ಚಾಗುತ್ತಿರಲಿಲ್ಲ. ಆದ್ದರಿಂದ ನಮ್ಮವರು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ, ಮುಖ್ಯವಾಗಿ ಎಂಟನೆಯ ಬಿಟ್ ತಂದುಕೊಟ್ಟ ಯುರೋಪಿಯನ್ ಗೆರೆಯಕ್ಷರಗಳ ಮನೆಗಳಲ್ಲಿ, ಕನ್ನಡದ ತುಂಡುಗಳನ್ನು ಕೂರಿಸಿದರು. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎಂಬ ತಂತ್ರಾಂಶಗಳು ಇದೇ ಹಾದಿಯಲ್ಲಿ ಬಂದು ಲಕ್ಷಾಂತರ ಜನರ ಕೈಗೆ ಕನ್ನಡ ಕೊಟ್ಟವು. ಆ ಕಾಲಕ್ಕೆ ಅದು ಬೇಕಾಗಿತ್ತು, ಅದನ್ನು ಮಾಡಿದವರಿಗೆ ನಾವು ಋಣಿಗಳು. ನುಡಿಯ ಕೀಲಿಮಣೆಗೆ ಆಧಾರವಾದ ಕೆ.ಪಿ. ರಾವ್ ಅವರ ವಿನ್ಯಾಸವಂತೂ ಕೇವಲ ಇಪ್ಪತ್ತಾರು ಕೀಗಳಲ್ಲಿ ಇಡೀ ವರ್ಣಮಾಲೆಯನ್ನು ಹಿಡಿಸಿದ ಜಾಣ್ಮೆಯ ಕೆಲಸ. ಇಂದಿಗೂ ಅದಕ್ಕೆ ವಯಸ್ಸಾಗಿಲ್ಲ.

ಒಳಗೆ ಏನು ನಡೆಯುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡಬೇಕು. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಡಿಟಿಪಿ ಮಾಡುವವರ ಬೆರಳು ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದು ಕೀ ಒತ್ತುತ್ತದೆ. ಎಫ್ ಎಂದರೆ ಅರ್ಧಾಕ್ಷರ ಮಾಡುವ ಕೀ. ಹಳೆಯ ನುಡಿ ತಂತ್ರಾಂಶ ಇದಕ್ಕೆ ಬರೆದಿಡುವುದು ಏಳು ಸಂಖ್ಯೆ: 80, 192, 163, 192, 223, 113, 192. ನುಡಿ ಫಾಂಟು ಇದ್ದರೆ ಇದು ‘ಕನ್ನಡ’ ಎಂದು ಕಾಣುತ್ತದೆ. ಫಾಂಟ್ ಬದಲಿಸಿ ಏರಿಯಲ್ ಹಾಕಿ ನೋಡಿ. 80 ಎಂಬುದು ಇಂಗ್ಲಿಷಿನ ದೊಡ್ಡ ಪಿ. ನುಡಿಯಲ್ಲಿ ಅದು ತಲೆಕಟ್ಟಿಲ್ಲದ ಕಕಾರ. 192 ಎಂಬುದು ಎಡವಾಲು ಗೆರೆ ಹೊತ್ತ ದೊಡ್ಡ ಎ, ಫ್ರೆಂಚರ ಅಕ್ಷರ. ನುಡಿಯಲ್ಲಿ ಅದೇ ತಲೆಕಟ್ಟು. 163 ಬ್ರಿಟನ್ನಿನ ಪೌಂಡ್ ಚಿಹ್ನೆ. ನುಡಿಯಲ್ಲಿ ನಕಾರದ ಒಡಲು. 223 ಜರ್ಮನ್ನರ ಜೋಡಿ ಎಸ್. ನುಡಿಯಲ್ಲಿ ನಕಾರದ ಒತ್ತು. 113 ಸಣ್ಣ ಕ್ಯೂ. ನುಡಿಯಲ್ಲಿ ಡಕಾರದ ಒಡಲು. ಬೆರಳು ಒತ್ತಿದ್ದು ಡಬ್ಲ್ಯೂ, ಒಳಗೆ ಉಳಿದದ್ದು ಕ್ಯೂ, ಕಣ್ಣಿಗೆ ಕಂಡದ್ದು ಡ.

ಪರಿಣಾಮ ಸಣ್ಣದಲ್ಲ. ಈ ರೀತಿ ಬರೆದಿಟ್ಟ ಪುಟದಲ್ಲಿ ‘ಕನ್ನಡ’ ಎಂದು ಯೂನಿಕೋಡ್‌ನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಕನ್ನಡವೇ ಇಲ್ಲ. ಅಕಾರಾದಿಯಾಗಿ ಜೋಡಿಸಲಾಗದು. ದೃಷ್ಟಿ ಇಲ್ಲದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಅಕ್ಷರಗಳ ಸಾಲು. ಅನುವಾದ ಯಂತ್ರಕ್ಕೂ ಅಷ್ಟೆ. ಚಾಮರಾಜಪೇಟೆಯ ಮುದ್ರಣಾಲಯಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ, ಪ್ರಕಾಶಕರ ಹಾರ್ಡ್‌ಡಿಸ್ಕುಗಳಲ್ಲಿ ಹೀಗೆ ಯುರೋಪಿನ ಅಕ್ಷರಗಳ ವೇಷದಲ್ಲಿ ಮಲಗಿರುವ ಕನ್ನಡವನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ಕಳೆದುಹೋಗಿಲ್ಲ. ಆದರೆ ಹುಡುಕುವವರಿಗೆ ಸಿಗುವುದೂ ಇಲ್ಲ.

ಕೀ, ಸಂಖ್ಯೆ, ಆಕಾರ ಈ ಮೂರನ್ನೂ ಯೂನಿಕೋಡ್ ಬಿಡಿಸಿಟ್ಟಿತು. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡವಿದೆ. 3200ರಿಂದ 3327ರವರೆಗಿನ 128 ಸಂಖ್ಯೆಗಳು ನಮ್ಮ ಲಿಪಿಗೆ ಮೀಸಲು. ಇಲ್ಲಿ ‘ಕನ್ನಡ’ ಎಂದರೆ 3221, 3240, 3277, 3240, 3233. ಕ, ನ, ಅರ್ಧಾಕ್ಷರದ ಗುರುತು, ನ, ಡ. ತಲೆಕಟ್ಟಿಗೆ ಸಂಖ್ಯೆ ಇಲ್ಲ, ಒತ್ತಿಗೆ ಸಂಖ್ಯೆ ಇಲ್ಲ. ಅವು ಆಕಾರದ ಸಂಗತಿ, ಅವನ್ನು ಫಾಂಟ್ ನೋಡಿಕೊಳ್ಳುತ್ತದೆ. ಬರೆದಿಡುವುದು ನಾವು ಉಚ್ಚರಿಸುವ ಕ್ರಮವನ್ನು ಮಾತ್ರ. ಯಾವ ಕೀಲಿಮಣೆಯಿಂದ ಒತ್ತಿದರೂ, ಫೋನಿನಲ್ಲಿ ಬಾಯಲ್ಲಿ ಹೇಳಿ ಬರೆಸಿದರೂ ಉಳಿಯುವುದು ಇದೇ ಐದು ಸಂಖ್ಯೆ.

ಟೈಪ್‌ರೈಟರ್ ಕಾಲದ ಗೆರೆ ಕೂರಿಸುವ ಉಪಾಯ ಯೂನಿಕೋಡ್‌ನಲ್ಲಿ ಮರುಹುಟ್ಟು ಪಡೆಯಿತು, ಕ್ರಮ ಮಾತ್ರ ತಿರುವುಮುರುವು: ಮೊದಲು ಅಕ್ಷರ, ಆಮೇಲೆ ಗುರುತು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸಣ್ಣ ಎಲ್ ಒತ್ತಿ, ಅದಕ್ಕೆ ತಾಗಿದಂತೆ 0323 ಎಂದು ಬರೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿ. ಅಂಕಿಗಳು ಮಾಯವಾಗಿ ಎಲ್ ಕೆಳಗೆ ಚುಕ್ಕೆ ಬಂದು ಕೂರುತ್ತದೆ. ಆದರೆ ಹಳೆಯ ಪಟ್ಟಿಗಳೊಡನೆ ಹೊಂದಿಕೆ ಇರಲೆಂದು ಗೆರೆ ಹೊತ್ತ ಅಕ್ಷರಗಳಿಗೆ ಇಡಿಯಾಗಿಯೂ ಸಂಖ್ಯೆ ಕೊಟ್ಟಿದ್ದಾರೆ. ಫ್ರೆಂಚರ ಗೆರೆಯ ಇ ಅಕ್ಷರವನ್ನು 233 ಎಂದೂ ಬರೆಯಬಹುದು, 101ರ ಮುಂದೆ 769 ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕನ್ನಡದಲ್ಲೂ ಹಾಗೆಯೇ. ‘ಕೊ’ ಬರೆಯುವಾಗ ಒಕಾರದ ಗುರುತಿಗೆ 3274 ಎಂಬ ಒಂದೇ ಸಂಖ್ಯೆ ಇಡಬಹುದು, ಇಲ್ಲವೇ ಎಕಾರದ 3270 ಮತ್ತು ಊಕಾರದ 3266 ಎರಡನ್ನೂ ಇಡಬಹುದು. ಒಳ್ಳೆಯ ತಂತ್ರಾಂಶ ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ. ಒರಟು ತಂತ್ರಾಂಶ ‘ಸಿಗಲಿಲ್ಲ’ ಎನ್ನುತ್ತದೆ.

ಕಣ್ಣಿಗೇ ಕಾಣದ ಅಕ್ಷರಗಳೂ ಇವೆ. ‘ರಾಜ್’ ಮುಂದೆ ‘ಕುಮಾರ್’ ಬರೆದರೆ ಕಂಪ್ಯೂಟರ್ ನಿಯಮದಂತೆ ಒತ್ತು ಕೊಟ್ಟು ‘ರಾಜ್ಕುಮಾರ್’ ಮಾಡುತ್ತದೆ. ನಡುವೆ 8204 ಎಂಬ, ಅಗಲವಿಲ್ಲದ, ಆಕಾರವಿಲ್ಲದ ಅಕ್ಷರವೊಂದನ್ನು ಇಟ್ಟರೆ ‘ರಾಜ್‌ಕುಮಾರ್’ ಎಂದು ಬಿಡಿಸಿ ನಿಲ್ಲಿಸುತ್ತದೆ. ಅದರ ಜೊತೆಗಾರ 8205 ಇಲ್ಲದಿದ್ದರೆ ‘ರ‍್ಯಾಂಕ್’ ಎಂಬುದು ಅರ್ಕಾವೊತ್ತು ತೆಗೆದುಕೊಂಡು ‘ರ್ಯಾಂಕ್’ ಆಗುತ್ತದೆ. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಎರಡೂ ರೂಪ ದಿನವೂ ಕಾಣುತ್ತವೆ. ಕಾಣದ ಈ ಅಕ್ಷರಗಳನ್ನು ಒಂದೊಂದು ತಂತ್ರಾಂಶ ಒಂದೊಂದು ಕೀ ಹಿಂದೆ ಅಡಗಿಸಿಟ್ಟಿದೆ. ನಿಮ್ಮದರಲ್ಲಿ ಎಲ್ಲಿದೆ ಎಂದು ಒಮ್ಮೆ ಹುಡುಕಿಟ್ಟುಕೊಳ್ಳುವುದು ಕನ್ನಡ ಬರೆಯುವ ಯಾರಿಗೂ ಉಪಯೋಗದ ಕೆಲಸ. ಬೇಗೂರಿನ ವೀರಗಲ್ಲಿನ ಕಾಲದ ಹಳಗನ್ನಡದಲ್ಲಿ ನಿತ್ಯ ಬಳಕೆಯಲ್ಲಿದ್ದ ೞ ಅಕ್ಷರಕ್ಕೂ 3294 ಎಂಬ ಸಂಖ್ಯೆ ಇದೆ. ಯೂನಿಕೋಡ್ ಪಟ್ಟಿಯಲ್ಲಿ ಅದರ ಹೆಸರು ತಪ್ಪಾಗಿ ‘ಕನ್ನಡ ಲೆಟರ್ ಎಫ್‌ಎ’ ಎಂದು ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದೆಂಬುದು ಅವರ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ, ತಪ್ಪು ಹೆಸರು ಹಾಗೆಯೇ ನಿಂತಿದೆ.

ನಿಮ್ಮ ಬಳಿ ಹಳೆಯ ಕಡತವಿದ್ದರೆ, ತೆರೆದಾಗ ಕನ್ನಡದ ಬದಲು ವಿಚಿತ್ರ ಅಕ್ಷರ ಕಂಡರೆ, ಯಾವ ರೋಗ ಎಂದು ನೋಡಿದ ತಕ್ಷಣ ಹೇಳಬಹುದು. ಎಡವಾಲು ಗೆರೆಯ ದೊಡ್ಡ ಎ ಮತ್ತೆ ಮತ್ತೆ ಬರುತ್ತಿದ್ದರೆ ಅದು ಹಳೆಯ ನುಡಿಯ ತಲೆಕಟ್ಟು, ಪರಿವರ್ತಿಸಬೇಕು. ಎಡವಾಲು ಗೆರೆಯ ಸಣ್ಣ ಎ, ಅದರ ಹಿಂದೆಯೇ ಮೇಲಕ್ಕೆತ್ತಿದ ಪುಟ್ಟ 2 ಅಥವಾ 3 ಪುಟದ ತುಂಬ ಕಂಡರೆ ಅದು ಯೂನಿಕೋಡ್ ಕನ್ನಡವೇ, ಓದುವ ತಂತ್ರಾಂಶ ತಪ್ಪು ಪಟ್ಟಿ ಹಿಡಿದು ಓದುತ್ತಿದೆ. ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರವೂ ಮೂರು ಬೈಟ್ ಹಿಡಿಯುತ್ತದೆ. ಮೊದಲ ಬೈಟ್ ಯಾವಾಗಲೂ 224, ಎರಡನೆಯದು 178 ಅಥವಾ 179. ಹಳೆಯ ವಿಂಡೋಸ್ ಪಟ್ಟಿಯಲ್ಲಿ ಅವು ಆ ಸಣ್ಣ ಎ, ಆ ಪುಟ್ಟ 2 ಮತ್ತು 3. ಇಂಥ ಕಡತವನ್ನು ಯುಟಿಎಫ್-8 ಎಂದು ಆರಿಸಿ ಮತ್ತೆ ತೆರೆದರೆ ಸಾಕು, ಒಂದಕ್ಷರವೂ ಕೆಟ್ಟಿರುವುದಿಲ್ಲ.

ನುಡಿ, ಬರಹ ಎರಡಕ್ಕೂ ಯೂನಿಕೋಡ್ ಪರಿವರ್ತಕಗಳಿವೆ. ಅವು ಬರೀ ಸಂಖ್ಯೆಗೆ ಸಂಖ್ಯೆ ಬದಲಿಸಿದರೆ ಸಾಲದು. ‘ಕರ್ನಾಟಕ’ವನ್ನೇ ನೋಡಿ. ಹಳೆಯ ನುಡಿ ಅದನ್ನು ಕಣ್ಣಿಗೆ ಕಂಡ ಕ್ರಮದಲ್ಲಿ ಇಡುತ್ತದೆ: ಕ, ನಾ, ಆಮೇಲೆ ಅರ್ಕಾವೊತ್ತು, ಟ, ಕ. ಆ ಅರ್ಕಾವೊತ್ತಿನ ಸಂಖ್ಯೆ 240, ಐಸ್‌ಲ್ಯಾಂಡಿನ ಭಾಷೆಯ ‘ಎಥ್’ ಎಂಬ ಅಕ್ಷರದ ಮನೆ. ಯೂನಿಕೋಡ್‌ನಲ್ಲಿ ರಕಾರ ಉಚ್ಚಾರದಲ್ಲಿ ಎಲ್ಲಿದೆಯೋ ಅಲ್ಲಿ, ಅಂದರೆ ನಾ ಅಕ್ಷರಕ್ಕೆ ಮೊದಲೇ ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಎತ್ತಿಟ್ಟುಕೊಳ್ಳಬೇಕು, ಅಕ್ಷರಕ್ಕೆ ಒತ್ತು, ಗುಣಿತ ಏನೇ ಇದ್ದರೂ ಎಲ್ಲವನ್ನೂ ದಾಟಿಸಿ. ಇನ್ನೊಂದು ತೊಡಕು, ಕಡತದ ನಡುವೆ ಇರುವ ನಿಜವಾದ ಇಂಗ್ಲಿಷ್. ಇಮೇಲ್ ವಿಳಾಸ, ಕಂಪನಿಯ ಹೆಸರು ಇತ್ಯಾದಿಗಳ ಫಾಂಟ್ ಬೇರೆಯೆಂಬುದನ್ನು ಗಮನಿಸದ ಪರಿವರ್ತಕ ಅವನ್ನೂ ಕನ್ನಡದ ತುಂಡುಗಳಾಗಿ ಪುಡಿ ಮಾಡುತ್ತದೆ. ಆದ್ದರಿಂದ ಮೂಲ ಕಡತದ ಪ್ರತಿಯೊಂದನ್ನು ತೆಗೆದಿಟ್ಟು, ಪರಿವರ್ತಿಸಿದ ಮೇಲೆ ಮೊದಲು ಅರ್ಕಾವೊತ್ತಿನ ಪದಗಳನ್ನು, ಆಮೇಲೆ ವಿಳಾಸಗಳನ್ನು, ದೂರವಾಣಿ ಸಂಖ್ಯೆಗಳನ್ನು ನೋಡಿ. ತಪ್ಪಿದ್ದರೆ ಹೆಚ್ಚಾಗಿ ಅಲ್ಲೇ ಸಿಗುತ್ತದೆ.